ರಾತ್ರಿ ನೆಟ್ ಸ್ಲೋ: ಕಂಪ್ಲೇಂಟ್ ಕೊಡುವ ಮುಂಚೆ ತೊಂದರೆ ಎಲ್ಲಿದೆ ಅಂತ ನೋಡೋಣ

ಮನೆ 27, 3ನೇ ಕ್ರಾಸ್
ಎಲ್ಲರಿಗೂ ನಮಸ್ಕಾರ. ರಾತ್ರಿ ಎಂಟಾದರೆ ಸಾಕು, ನೆಟ್ ತೆವಳುತ್ತದೆ. ಮಗಳ ಆನ್‌ಲೈನ್ ಕೋಚಿಂಗ್ ನಡುನಡುವೆ ನಿಂತುಹೋಗುತ್ತದೆ. ಕಸ್ಟಮರ್ ಕೇರ್‌ನವರು ‘ಲೈನ್ ಸರಿಯಿದೆ, ಆ ಕಡೆ ಸರ್ವರ್ ಸ್ಲೋ’ ಅನ್ನುತ್ತಾರೆ. ಬೇರೆಯವರಿಗೂ ಹೀಗೇ ಆಗುತ್ತಿದೆಯಾ?

ಮನೆ 31, 3ನೇ ಕ್ರಾಸ್
ನಮಗೂ ಅದೇ ಕಥೆ. ಎಲ್ಲರೂ ಸೇರಿ ಕಂಪನಿ ಬದಲಾಯಿಸೋಣ.

ಮನೆ 8, 1ನೇ ಕ್ರಾಸ್
ನಮ್ಮದೂ ಅದೇ ಕಂಪನಿ. ರಾತ್ರಿಯೂ ಚೆನ್ನಾಗೇ ಇದೆ.

ಮನೆ 14, 2ನೇ ಕ್ರಾಸ್
ಸ್ವಲ್ಪ ತಡೆಯಿರಿ. ನಾನು ನೆಟ್‌ವರ್ಕ್ ಕೆಲಸದಲ್ಲಿರುವವನು. ‘ಸರ್ವರ್ ಸ್ಲೋ’ ಅಂದದ್ದನ್ನು ಸುಮ್ನೆ ನಂಬಬೇಡಿ, ಸುಮ್ನೆ ತಳ್ಳಿಹಾಕಲೂ ಬೇಡಿ. ವೈಫೈ, ರೂಟರ್, ಬೀದಿಯ ಕೇಬಲ್, ಕಂಪನಿಯ ಜಾಲ, ಸರ್ವರ್, ಎಲ್ಲಿ ಬೇಕಾದರೂ ತಡವಾಗಬಹುದು. ಹತ್ತಿರದಿಂದ ಶುರುಮಾಡೋಣ.

ಮೊದಲು ವೈಫೈ ಬಿಟ್ಟು ಲ್ಯಾಪ್‌ಟಾಪನ್ನು ವೈರ್‌ನಲ್ಲಿ ರೂಟರ್‌ಗೆ ಸಿಕ್ಕಿಸಿ. ರೂಟರ್‌ಗೆ ಪಿಂಗ್ ಮಾಡಿ, ಅಂದರೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ನೋಡಿ. ಹೆಚ್ಚಿನ ಮನೆಗಳಲ್ಲಿ ಅದರ ವಿಳಾಸ 192.168.1.1 ಅಥವಾ 192.168.0.1. ಉತ್ತರ 1 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಬರಬೇಕು. ಆಮೇಲೆ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ ಮಾಡಿ. ಮೊದಲನೆಯದು ಸರಿಯಿದ್ದು ಎರಡನೆಯದು ಏರಿಳಿದರೆ ತೊಂದರೆ ರೂಟರ್‌ನಿಂದ ಆಚೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ವಿಡಿಯೋ ನೋಡುತ್ತಿರಬಾರದು. ಬೆಳಿಗ್ಗೆಯೂ ಮಾಡಿ, ರಾತ್ರಿ ಒಂಬತ್ತಕ್ಕೂ ಮಾಡಿ. ಹೋಲಿಸಿದರೇನೇ ಗೊತ್ತಾಗೋದು.

ಮನೆ 19, 2ನೇ ಕ್ರಾಸ್
ನಮ್ಮಲ್ಲಿ ವೈರ್‌ನಲ್ಲಿ 1 ಬರುತ್ತದೆ. ವೈಫೈನಲ್ಲಿ ರೂಟರ್‌ಗೇ 80, 200 ಹೀಗೆ.

ಮನೆ 14
ನಿಮ್ಮದು ಬರೀ ವೈಫೈ ತೊಂದರೆ ಮೇಡಂ. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಒಂದಕ್ಕೊಂದು ಅಡ್ಡಬರದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದವರೆಲ್ಲ ಅದರಲ್ಲೇ ಇರುತ್ತಾರೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಗೋಡೆ ದಾಟುವಾಗ ಅದು ಬೇಗ ಕ್ಷೀಣಿಸುತ್ತದೆ, ಹಾಗಾಗಿ ರೂಟರನ್ನು ಹಾಲ್‌ಗೆ ತನ್ನಿ.

ಮನೆ 5, 1ನೇ ಕ್ರಾಸ್
ನಮಗೆ ಎಲ್ಲಾ ಸರಿ ಇದೆಯಪ್ಪಾ. ಮೊಮ್ಮಗನ ಪರೀಕ್ಷೆ ಅರ್ಜಿಯ ಸೈಟ್ ಒಂದೇ ತೆರೆಯುತ್ತಿಲ್ಲ. ನಾಳೆ ಕೊನೇ ದಿನ.

ಮನೆ 14
ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಿ ಆಂಟಿ. ಅಲ್ಲೂ ತೆರೆಯದಿದ್ದರೆ ಸರ್ವರ್‌ನದೇ ತೊಂದರೆ ಇರಬೇಕು. ಬೆಳಗಿನ ಜಾವ ಹಾಕಿಸಿ, ಜನ ಕಡಿಮೆ ಇರುತ್ತಾರೆ.

ಮನೆ 31
ಮಧ್ಯಾಹ್ನ ಸ್ಪೀಡ್ ಟೆಸ್ಟ್ ಮಾಡಿದೆ ಸರ್. ಪ್ಲಾನ್ 200 ಎಂಬಿಪಿಎಸ್, ಬಂದದ್ದು 94.

ಮನೆ 27
ನಮಗೂ 200ರ ಪ್ಲಾನ್, 94 ದಾಟುವುದೇ ಇಲ್ಲ! ರಾತ್ರಿ ಟ್ರೇಸರ್ಟ್ ಕೂಡ ಮಾಡಿದೆ, ಸರ್ವರ್‌ವರೆಗಿನ ದಾರಿಯ ಒಂದೊಂದು ರೂಟರ್‌ಗೂ ಎಷ್ಟು ಮಿಲಿಸೆಕೆಂಡ್ ಅಂತ ಸಾಲುಸಾಲಾಗಿ ತೋರಿಸುತ್ತದಲ್ಲ, ಅದು. ಎರಡನೇ ಸಾಲಿನಿಂದ ಕೊನೇವರೆಗೂ 150, 180. ನಾಲ್ಕನೇ ಸಾಲಿನಲ್ಲಿ ಬರೀ ನಕ್ಷತ್ರ.

ಮನೆ 14
ನಕ್ಷತ್ರಕ್ಕೆ ಹೆದರಬೇಡಿ, ಕೆಲವು ರೂಟರ್‌ಗಳು ಉತ್ತರ ಕೊಡುವುದಿಲ್ಲ. ನಡುವೆ ಒಂದೇ ಸಾಲು ಏರಿ ಮುಂದಿನದು ಇಳಿದಿದ್ದರೂ ಲೆಕ್ಕಕ್ಕಿಲ್ಲ. ಏರಿದ್ದು ಕೊನೇವರೆಗೂ ಇಳಿಯದಿದ್ದರೆ ಆಗ ನೋಡಬೇಕು. 31ರವರೇ, ನಿಮ್ಮದು?

ಮನೆ 31
ರಾತ್ರಿ ಎರಡನೇ ಸಾಲಿನಿಂದಲೇ 160. ಬೆಳಿಗ್ಗೆ ಅದೇ ಸಾಲು 4.

ಮನೆ 8
ನಮ್ಮಲ್ಲಿ ರಾತ್ರಿಯೂ 5. ಅದೇ ಪ್ಲಾನ್, ಸ್ಪೀಡ್ 190 ಬರುತ್ತದೆ.

ಮನೆ 14
ಎರಡನೇ ಸಾಲು ಅಂದರೆ ನಿಮ್ಮ ರೂಟರ್ ದಾಟಿದ ಮೊದಲ ನಿಲ್ದಾಣ. ಅಲ್ಲೇ ತಡವಾಗುತ್ತಿದೆ ಅಂದರೆ ದೂರದ ಸರ್ವರ್ ಅಲ್ಲ. 3ನೇ ಕ್ರಾಸ್‌ನವರೆಲ್ಲ ಹಂಚಿಕೊಳ್ಳುವ ಲೈನ್ ರಾತ್ರಿ ತುಂಬಿಹೋಗುತ್ತಿದೆ. ಆ 94 ನೋಡಿ. 100 ಎಂಬಿಪಿಎಸ್ ಲಿಂಕ್‌ನಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ ಅಷ್ಟೇ. ಪಾರ್ಕ್ ಮೂಲೆಯ ಡಬ್ಬಿಯಲ್ಲಿ ಬೀದಿಯ ಮನೆಗಳಿಗೆ ಲೈನ್ ಹಂಚುವ ಸ್ವಿಚ್ ಇದೆ, ಅದಕ್ಕೆ ಬರುವುದು ತಾಮ್ರದ ಕೇಬಲ್. 1000 ಎಂಬಿಪಿಎಸ್‌ಗೆ ಕೇಬಲ್‌ನ ಎಂಟೂ ತಂತಿ ಸರಿಯಿರಬೇಕು. ಒಂದು ತಂತಿ ಕೆಟ್ಟರೂ ಲಿಂಕ್ 100ಕ್ಕೆ ಇಳಿದುಬಿಡಬಹುದು. ಹಗಲು ಅಷ್ಟೂ ಒಬ್ಬರಿಗೇ ಸಿಗುತ್ತದೆ, ರಾತ್ರಿ ಇಡೀ ಬೀದಿಗೆ ಅಷ್ಟೇ. ಡಬ್ಬಿಯೊಳಗೆ ಮಳೆನೀರು ಹೋಗಿ ಕನೆಕ್ಟರ್ ಹಾಳಾಗಿರಬೇಕು ಅಂತ ನನ್ನ ಅನುಮಾನ.

ಸಂಘದ ಕಾರ್ಯದರ್ಶಿ
27, 31, 8, ಮೂರೂ ಮನೆಯವರು ಸ್ಕ್ರೀನ್‌ಶಾಟ್ ಕಳಿಸಿ, ಸಮಯ ಕಾಣುವಂತಿರಲಿ. ಸಂಘದ ಲೆಟರ್‌ಹೆಡ್‌ನಲ್ಲಿ ಒಂದೇ ದೂರು ಕೊಡುತ್ತೇನೆ. ‘ನೆಟ್ ಸ್ಲೋ’ ಅಂತ ಬರೆಯುವುದಿಲ್ಲ, ‘ಆ ಡಬ್ಬಿಗೆ ಬರುವ ಲಿಂಕ್ ಎಷ್ಟರಲ್ಲಿ ಓಡುತ್ತಿದೆ ತೋರಿಸಿ’ ಅಂತಲೇ ಕೇಳುತ್ತೇನೆ. ಲೈನ್‌ಮ್ಯಾನ್ ಬಂದಾಗ 14ರವರು ಜೊತೆಗಿದ್ದರೆ ಒಳ್ಳೆಯದು.

ಮನೆ 14
ಶನಿವಾರ ಬೆಳಿಗ್ಗೆಯಾದರೆ ಖಂಡಿತ ಬರುತ್ತೇನೆ.

ಮನೆ 31
ಏಣಿ ನಮ್ಮ ಮನೆಯಲ್ಲಿದೆ, ತಂದುಕೊಡುತ್ತೇನೆ.