ಅಪ್ಪನ ಕತ್ತಿನ ಡಾಪ್ಲರ್‌ನಲ್ಲಿ 60% ಬ್ಲಾಕ್ ಅಂತಿದೆ, ಸಿಟಿ ಆಂಜಿಯೋ ಬೇಕಾ?

ಮೈಸೂರ್_ಸವಿತಾ:
ಅಪ್ಪನಿಗೆ 66. ಶುಗರ್, ಬಿಪಿ ಎರಡೂ ಇವೆ. ಹೆಲ್ತ್ ಚೆಕಪ್ ಪ್ಯಾಕೇಜ್‌ನಲ್ಲಿ ಕತ್ತಿನ ಡಾಪ್ಲರೂ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಸೇರಿತ್ತು, ಸುಮ್ನೆ ಮಾಡಿಸಿದೆವು. ರಿಪೋರ್ಟ್ ನೋಡಿದಾಗಿನಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಎಡಗಡೆ ಐಸಿಎ (ಕತ್ತಿನಿಂದ ಮಿದುಳಿಗೆ ಹೋಗುವ ರಕ್ತನಾಳ) ಶುರುವಾಗುವಲ್ಲಿ ಪ್ಲಾಕ್ (ಗೋಡೆಗೆ ಕಟ್ಟಿದ ಕೊಬ್ಬಿನ ಪದರ), 60% ಸ್ಟೆನೋಸಿಸ್ (ನಾಳ ಕಿರಿದಾಗಿರೋದು) ಬೈ ಏರಿಯಾ, ಪಿಎಸ್‌ವಿ 98 ಅಂತ ಬರೆದಿದ್ದಾರೆ. ಕೈಕಾಲು ಸೋತಿದ್ದು, ಮಾತು ತೊದಲಿದ್ದು ಯಾವತ್ತೂ ಇಲ್ಲ. ಚಿಕ್ಕಪ್ಪ ಮಾತ್ರ ಇವತ್ತೇ ಸಿಟಿ ಆಂಜಿಯೋ (ರಕ್ತನಾಳದ ಸಿಟಿ ಸ್ಕ್ಯಾನ್) ಮಾಡಿಸಿ, ಸ್ಟೆಂಟ್ ಹಾಕಿಸಿ ಅಂತ ಕೂತಿದ್ದಾರೆ. ನ್ಯೂರಾಲಜಿಸ್ಟ್ ಸಿಗೋದು ಮುಂದಿನ ವಾರ. ಕಾಯಬಹುದಾ?

ಸ್ಕ್ಯಾನ್_ರೂಮ್:
ರೇಡಿಯಾಲಜಿಯಲ್ಲೇ ಕೆಲಸ ನನ್ನದು. ಮೇಡಂ, ಆ 'ಬೈ ಏರಿಯಾ' ಅನ್ನೋದನ್ನ ಮೊದಲು ನೋಡಿ, ಅದು ರಂಧ್ರದ ವಿಸ್ತೀರ್ಣದ ಲೆಕ್ಕ. ಆಪರೇಷನ್ ಬಗ್ಗೆ ಮಾತಾಡುವಾಗ ಬರುವ 50%, 70% ಎಲ್ಲ ರಕ್ತನಾಳದ ಅಗಲದ ಲೆಕ್ಕ. ರಂಧ್ರ ದುಂಡಗಿದೆ ಅಂತಿಟ್ಟುಕೊಂಡರೆ ಏರಿಯಾದಲ್ಲಿ 60% ಅಂದರೆ ಅಗಲದಲ್ಲಿ ಸುಮಾರು 37% ಅಷ್ಟೇ. ಪಿಎಸ್‌ವಿ, ಅಂದರೆ ಹೃದಯ ಬಡಿದಾಗ ಅಲ್ಲಿ ರಕ್ತ ಹರಿಯುವ ಗರಿಷ್ಠ ವೇಗ, ಕೂಡ ಅದಕ್ಕೇ ಹೊಂದುತ್ತೆ. ಪೈಪಿನ ಬಾಯಿ ಹೆಬ್ಬೆರಳಲ್ಲಿ ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತಲ್ವಾ, ಹಾಗೆ ನಾಳ ಕಿರಿದಾದ ಕಡೆ ರಕ್ತದ ವೇಗ ಏರುತ್ತೆ. ಅಮೆರಿಕದ ರೇಡಿಯಾಲಜಿಸ್ಟ್‌ಗಳು 2003ರಲ್ಲಿ ಪ್ರಕಟಿಸಿದ ಅಳತೆಯನ್ನೇ ಇಲ್ಲೂ ತುಂಬಾ ಜನ ಬಳಸುತ್ತಾರೆ: ಸೆಕೆಂಡಿಗೆ 125 ಸೆಂ.ಮೀ. ಒಳಗಿದ್ದರೆ 50%ಗಿಂತ ಕಮ್ಮಿ, 230 ದಾಟಿದರೆ 70% ಅಥವಾ ಜಾಸ್ತಿ. ಒಂದು ಮೋಸ ಇದೆ, ನಾಳ ಹೆಚ್ಚುಕಮ್ಮಿ ಮುಚ್ಚೇ ಹೋಗಿದ್ದರೂ ವೇಗ ಇಳಿದುಬಿಡುತ್ತೆ. ಆದರೆ ಅದು ಕಲರ್ ಚಿತ್ರದಲ್ಲಿ ಗೊತ್ತಾಗುತ್ತೆ, ಅಂಥದ್ದನ್ನ ಯಾರೂ 60% ಅಂತ ಬರೆಯಲ್ಲ.

ಘಟ್ಟದ_ಮೇಲಿನವ:
ಪರ್ಸೆಂಟ್ ಒಂದನ್ನೇ ಹಿಡ್ಕೊಂಡು ಕೂರಬೇಡಿ. ನಮ್ಮ ಮಾವನಿಗೆ ಒಂದು ಕಣ್ಣಿಗೆ ಪರದೆ ಇಳಿದ ಹಾಗಾಗಿ ಸ್ವಲ್ಪ ಹೊತ್ತಿಗೆ ಸರಿಹೋಯ್ತು. ಬ್ಲಾಕ್ 70% ಮುಟ್ಟಿರಲಿಲ್ಲ. ಆದರೆ ಎಂಆರ್‌ಐನಲ್ಲಿ ಪ್ಲಾಕ್ ಒಳಗೇ ರಕ್ತ ಸೋರಿದ್ದು ಬೆಳ್ಳಗೆ ಕಾಣಿಸಿತು, ಆಪರೇಷನ್ ಮಾಡಿದರು. ಮೆತ್ತಗಿನ ಕೊಬ್ಬಿನ ಪ್ಲಾಕ್, ಒಳಗೆ ರಕ್ತ ಸೋರಿದ ಪ್ಲಾಕ್ ಇವೇ ಜಾಸ್ತಿ ಅಪಾಯ ಅಂತ ಡಾಕ್ಟರ್ ಹೇಳಿದ್ರು.

ಸ್ಕ್ಯಾನ್_ರೂಮ್:
ಅವರಿಗೆ ಲಕ್ಷಣ ಕಾಣಿಸಿಕೊಂಡಿತ್ತು, ಅಲ್ಲೇ ದಾರಿ ಬೇರೆಯಾಗುತ್ತೆ. ಕತ್ತಿನ ನಾಳದ ಆಪರೇಷನ್ ಬಗ್ಗೆ ನಡೆದ 1991ರ ನಾಸೆಟ್ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಅದೇ ಬದಿಯ ಸ್ಟ್ರೋಕ್ ಬರುವ ಸಂಭವ ಬರೀ ಔಷಧಿ ತೆಗೆದುಕೊಂಡವರಲ್ಲಿ 26% ಇತ್ತು, ಆಪರೇಷನ್ ಆದವರಲ್ಲಿ 9%. ಆದರೆ ಅವರೆಲ್ಲ ಆಗಲೇ ಲಕ್ಷಣ ಕಾಣಿಸಿಕೊಂಡವರು, ಬ್ಲಾಕ್ 70%ರಿಂದ 99%. ಅದನ್ನ ತಂದು ಸವಿತಾ ಅವರ ಅಪ್ಪನಿಗೆ ಅಂಟಿಸೋದು ತಪ್ಪು. ನನ್ನ ಕೇಳಿದರೆ ಲಕ್ಷಣ ಇಲ್ಲದವರಿಗೆಲ್ಲ ಪ್ಯಾಕೇಜ್‌ನಲ್ಲಿ ಈ ಸ್ಕ್ಯಾನ್ ತುರುಕೋದೇ ಬೇಡ. ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಕೂಡ 2021ರಲ್ಲಿ ಮತ್ತೆ ಅದನ್ನೇ ಹೇಳಿದೆ.

ಮೈಸೂರ್_ಸವಿತಾ:
ಜೀವ ಬಂತು ಸರ್. ರಿಪೋರ್ಟ್ ಕೆಳಗೆ 'ಶ್ಯಾಡೋಯಿಂಗ್' ಅಂತ ಒಂದು ಸಾಲೂ ಇದೆ. ಅದೇನು?

ಸ್ಕ್ಯಾನ್_ರೂಮ್:
ಪ್ಲಾಕ್‌ನಲ್ಲಿ ಕ್ಯಾಲ್ಸಿಯಂ ಇದೆ ಅಂತ. ಅದರ ಹಿಂದಕ್ಕೆ ಅಲ್ಟ್ರಾಸೌಂಡ್ ಹೋಗಲ್ಲ, ಆ ಭಾಗ ಕಪ್ಪಗೆ ಉಳಿಯುತ್ತೆ. ನೆರಳು ದೊಡ್ಡದಿದ್ದು ಅಳತೆಯೇ ಅನುಮಾನ ಅನ್ನಿಸಿದರೆ ಆಗ ಸಿಟಿ ಆಂಜಿಯೋ ಕೇಳ್ತಾರೆ. ಅದಕ್ಕೆ ಕಾಂಟ್ರಾಸ್ಟ್ (ನಾಳ ಎದ್ದು ಕಾಣಲು ಚುಚ್ಚುವ ದ್ರವ) ಕೊಡಬೇಕು. ಶುಗರ್ ಇರೋದರಿಂದ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ನೋಡಿಸಿಕೊಂಡೇ ಹೋಗಿ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೋತಿದ್ದರೆ ಮೊದಲೇ ಹೇಳಿ. ನ್ಯೂರಾಲಜಿಸ್ಟ್ ಹತ್ತಿರ ಬರೀ ರಿಪೋರ್ಟ್ ಅಲ್ಲ, ಫಿಲ್ಮ್ ಅಥವಾ ಸಿಡಿನೂ ಒಯ್ಯಿರಿ. ಆಸ್ಪಿರಿನ್ ನೀವೇ ಶುರು ಮಾಡಬೇಡಿ. ಇಷ್ಟರೊಳಗೆ ಬಾಯಿ ಸೊಟ್ಟ ಆಗೋದು, ಕೈ ಸೋಲೋದು, ಮಾತು ಎಡವೋದು, ಕಣ್ಣು ಮಂಜಾಗೋದು ಯಾವುದೇ ಆದರೂ, ಐದೇ ನಿಮಿಷದಲ್ಲಿ ಸರಿಹೋದರೂ, ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.