ಹೆಲ್ಸಿಂಕಿಯಲ್ಲಿ ಹಿತಕಿದ ಬೇಳೆ

ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನಲ್ಲಿ ನಮ್ಮದು ಕಾಯಂ ಬೈಟು. ನಾಲ್ಕು ಜನ, ಎರಡು ಕಾಫಿ. ಮೊನ್ನೆ ನಮ್ಮ ಹಾಡುಗಾರ ಗೆಳೆಯ ಗಿಟಾರಿ ಬಂದವನೇ, "ಇವತ್ತು ಎಲ್ಲರಿಗೂ ಫುಲ್ ಕಾಫಿ, ನನ್ನ ಲೆಕ್ಕ" ಎಂದ. ನನ್ನ ಎದೆ ಧಸಕ್ಕೆಂದಿತು. ಹಿಂದೊಮ್ಮೆ ಫುಲ್ ಕಾಫಿ ಕೊಡಿಸಿದಾಗ ಸಾಲ ಕೇಳಿದ್ದ.

"ಸ್ಪಾಟಿಫೈಯಲ್ಲಿ ನನ್ನ ಹಾಡು 4,000 ಸಲ ಪ್ಲೇ ಆಗಿದೆ ಕಣ್ರೋ!"

ಸ್ಪಾಟಿಫೈ ಅಂದರೆ ಫೋನಿನಲ್ಲಿ ಹಾಡು ಕೇಳುವ ಆ್ಯಪ್. ಹಿತಕಿದ ಬೇಳೆ ಸಾರಿನ ಮೇಲಿನ ಹಾಡು ಅದು. ತಾನೇ ಬರೆದು, ಮಂಚದ ಮೇಲೆ ಕೂತು ತಾನೇ ರೆಕಾರ್ಡ್ ಮಾಡಿದ್ದು. ಹಾಡು ಚೆನ್ನಾಗಿಯೇ ಇದೆ, ಸುಳ್ಳು ಯಾಕೆ ಹೇಳಲಿ.

ಆಡಿಟರ್ ಫೋನ್ ಕಿತ್ತುಕೊಂಡ. ಮಗಳ ಹಾಡುಗಳ ಉಸ್ತುವಾರಿ ನೋಡಿಕೊಂಡು ಅವನಿಗೆ ಇದೆಲ್ಲ ಕರಗತ. ಕಲಾವಿದರ ಆ್ಯಪಿನಲ್ಲಿ ಯಾವ ಊರಿನವರು ಕೇಳಿದರು ಅನ್ನುವುದೂ ಗೊತ್ತಾಗುತ್ತದೆ.

"3,600 ಹೆಲ್ಸಿಂಕಿಯಿಂದ. ಫಿನ್ಲೆಂಡಲ್ಲಿ ನಿನಗೆ ನೆಂಟರಿದ್ದಾರಾ?"

"ಅಲ್ಲೂ ಅವರೆಕಾಯಿ ಬೆಳೀತಾರೇನೋ" ಎಂದರು ಮೇಷ್ಟ್ರು.

ಆಮೇಲೆ ಗಿಟಾರಿ ಬಾಯಿಬಿಟ್ಟ. ಪ್ಲೇಲಿಸ್ಟಿಗೆ ಹಾಕಿಸುತ್ತೇನೆ ಅಂತ ಯಾರೋ ಮೆಸೇಜ್ ಮಾಡಿದ್ದನಂತೆ. ಇವನು 3,000 ರೂಪಾಯಿ ಕಳಿಸಿದ್ದನಂತೆ.

"ಅಯ್ಯೋ ಪೆದ್ದೆ, ಕೇಳಿದ್ದು ಮನುಷ್ಯರಲ್ಲ, ಯಂತ್ರ" ಎಂದ ಆಡಿಟರ್. "ಕಂಪನಿಯ ಸಂಪಾದಕರು ಆರಿಸುವ ಪ್ಲೇಲಿಸ್ಟಿಗೆ ದುಡ್ಡು ಕೊಟ್ಟು ಸೇರೋಕೆ ಆಗಲ್ಲ. ಸುಳ್ಳು ಪ್ಲೇ ಸಿಕ್ಕಿಬಿದ್ದರೆ ಹಾಡನ್ನೇ ಎತ್ತಿಬಿಡಬಹುದು. 2024ರಿಂದ ಹಾಡು ತಲುಪಿಸುವ ಡಿಸ್ಟ್ರಿಬ್ಯೂಟರಿಗೂ ದಂಡ ಹಾಕ್ತಾರೆ."

"ಮತ್ತೆ ಸೇರೋದು ಹೇಗೆ?"

"ಫಾರಂ ತುಂಬಬೇಕು. ಪುಗಸಟ್ಟೆ."

"ತುಂಬೋಕೆ ಹೋದೆ. ನನ್ನ ಹಾಡೇ ಕಾಣಲಿಲ್ಲ."

"ಯಾವಾಗ ಹೋದೆ?"

"ಬಿಡುಗಡೆಯಾದ ಮಾರನೇ ದಿನ."

ಆಡಿಟರ್ ಹಣೆ ಚಚ್ಚಿಕೊಂಡ. ಆ ಫಾರಂ ಇನ್ನೂ ಬಿಡುಗಡೆಯಾಗದ ಹಾಡಿಗೆ ಮಾತ್ರ. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಹಂಚಿದರೆ ಊಟಕ್ಕೆ ಯಾರು ಬರುತ್ತಾರೆ? ಕನಿಷ್ಠ 7 ದಿನ ಮೊದಲು ಕಳಿಸಿದರೆ ಇನ್ನೊಂದು ಲಾಭ. ಸಂಪಾದಕರು ಮೂಸಿ ನೋಡದಿದ್ದರೂ ನಮ್ಮನ್ನು ಫಾಲೋ ಮಾಡುವವರ ಶುಕ್ರವಾರದ ‘ರಿಲೀಸ್ ರೇಡಾರ್’ ಪಟ್ಟಿಗೆ ಹಾಡು ಹೋಗುತ್ತದೆ. ಗಿಟಾರಿಗೆ ಇರುವುದು 23 ಫಾಲೋಯರ್ಸ್. ಅದರಲ್ಲಿ ನಾವು ಮೂವರು.

ಫಾರಂನಲ್ಲಿ ಭಾಷೆ, ಮೂಡ್, ವಾದ್ಯ ಎಲ್ಲ ಕೇಳುತ್ತಾರೆ. ಹಾಡಿನ ಬಗ್ಗೆ ಬರೆಯುವುದಕ್ಕೆ 500 ಅಕ್ಷರದ ಜಾಗ. ಮುಂದಿನ ಹಾಡಿಗೆ ಈಗಲೇ ಬರೆಯುತ್ತೇನೆ ಅಂತ ಗಿಟಾರಿ ಟಿಶ್ಯೂ ಎಳೆದುಕೊಂಡ. ಎಂಟನೇ ಕ್ಲಾಸಿನಲ್ಲಿ ಅಪ್ಪ ಕೊಡಿಸಿದ ಗಿಟಾರಿನಿಂದ ಶುರು ಮಾಡಿದ. ಹತ್ತನೇ ಕ್ಲಾಸಿನಲ್ಲಿ ಫೇಲಾಗುವಷ್ಟರಲ್ಲಿ 500 ಮುಗಿಯಿತು. ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ ತೆಗೆದು ಅಷ್ಟಕ್ಕೂ ಗೀಟೆಳೆದರು. ರಿಟೈರಾದರೂ ಆ ಪೆನ್ ಬಿಟ್ಟಿಲ್ಲ. "ಹಾಡು ಏನು, ಯಾರು ಕೇಳ್ತಾರೆ, ನೀನು ಯಾವ್ಯಾವ ಕಾಲೇಜಲ್ಲಿ ಹಾಡ್ತಿದ್ದೀಯ, ಅಷ್ಟು ಬರಿ."

"ಇನ್ನೊಂದು" ಎಂದ ಆಡಿಟರ್. "30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಪ್ಲೇ ಅಂತ ಲೆಕ್ಕ. ನೀನು ಬಾಯಿ ತೆರೆಯೋದೇ 50ನೇ ಸೆಕೆಂಡಿಗೆ."

"ಆಲಾಪನೆ ಇಲ್ಲದೆ ಹಾಡಾ?" ಮೇಷ್ಟ್ರಿಗೆ ರೇಗಿತು.

ಆಗ ಆಡಿಟರ್ ವಲ್ಫ್‌ಪೆಕ್ ಅನ್ನುವ ಅಮೆರಿಕದ ಬ್ಯಾಂಡಿನ ಕಥೆ ತೆಗೆದ. 2014ರಲ್ಲಿ ಅವರು 30 ಸೆಕೆಂಡ್ ಚಿಲ್ಲರೆಯ 10 ಟ್ರ್ಯಾಕ್ ಬಿಟ್ಟರು. ಸದ್ದೇ ಇಲ್ಲ, ಬರೀ ಮೌನ. ರಾತ್ರಿ ಮಲಗುವಾಗ ಹಾಕಿಕೊಂಡು ಮಲಗಿ ಅಂತ ಅಭಿಮಾನಿಗಳಿಗೆ ಹೇಳಿದರು. ಸುಮಾರು 20,000 ಡಾಲರ್ ಬಂತು. ಆಮೇಲೆ ಸ್ಪಾಟಿಫೈ ಅದನ್ನು ತೆಗೆದುಹಾಕಿತು.

"ಹಾಡದೇ ಇದ್ದರೂ ದುಡ್ಡಾ!" ಎಂದೆ ನಾನು.

"ನಮ್ಮ ಓನರ್ರೂ ಅದನ್ನೇ ಹೇಳಿದ್ರು" ಎಂದ ಗಿಟಾರಿ. "ಹಾಡೋದು ನಿಲ್ಲಿಸಿದರೆ ಬಾಡಿಗೆ ಕಡಿಮೆ ಮಾಡ್ತಾರಂತೆ."

ಹೆಲ್ಸಿಂಕಿ ಕಳೆದು ನೋಡಿದರೆ ಉಳಿದದ್ದು 400. ಹನ್ನೆರಡು ತಿಂಗಳಲ್ಲಿ 1,000 ಪ್ಲೇ ಆಗದಿದ್ದರೆ ಆ ಹಾಡಿಗೆ ಕಾಸೇ ಇಲ್ಲ. ಇದೂ 2024ರ ನಿಯಮ.

"ನಾನು ರಾತ್ರಿಯಿಡೀ ಹಾಕಿಟ್ಟು 600 ಮಾಡಿಕೊಡ್ಲಾ?" ಮೇಷ್ಟ್ರಿಗೆ ಮರುಕ.

"ಅದೂ ಕಳ್ಳಲೆಕ್ಕವೇ ಮೇಷ್ಟ್ರೇ. ಹೆಲ್ಸಿಂಕಿಯಾದರೇನು, ಹನುಮಂತನಗರವಾದರೇನು?"

ಗಿಟಾರಿ ಸ್ವಲ್ಪ ಹೊತ್ತು ಟಿಶ್ಯೂ ನೋಡುತ್ತಾ ಕೂತ. ಭಾನುವಾರದ ರಶ್ಶು, ಕಾಫಿ ಇನ್ನೂ ಬಂದಿರಲಿಲ್ಲ. ಸಪ್ಲೈಯರನ್ನು ಮೆಲ್ಲಗೆ ಕರೆದ.

"ಗುರೂ, ಆ ನಾಲ್ಕು ಫುಲ್ ಬೇಡ. ಎರಡು ಬೈಟು ಮಾಡು."