ಡ್ಯಾಕ್ ಅಧ್ಯಾಯ: ಜಿಟರ್, ಸ್ಕ್ಯೂ, ಗ್ಲಿಚ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅತಿವೇಗದ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್ (ಡ್ಯಾಕ್, ಅಂಕಿಗಳನ್ನು ವಿದ್ಯುತ್ ಸಿಗ್ನಲ್ ಆಗಿ ಬದಲಿಸುವ ಸರ್ಕ್ಯೂಟ್) ಅಧ್ಯಾಯದಲ್ಲಿ ಜಿಟರ್, ಸ್ಕ್ಯೂ, ಗ್ಲಿಚ್ ಮೂರೂ ಒಂದೇ ಪುಟದಲ್ಲಿವೆ. ಸದ್ಯಕ್ಕೆ ಮೂರಕ್ಕೂ ‘ಸಮಯ ದೋಷ’ ಅಂತ ಹಾಕಿದ್ದೇನೆ. ಸರಿ ಹೋಗುತ್ತಾ? ನಾಳೆ ಸಂಜೆ ಪುಟಗಳು ಅಚ್ಚಿಗೆ ಹೋಗಬೇಕು. ದಯವಿಟ್ಟು ಬೇಗ ತಿಳಿಸಿ.

ಮರು: ಡ್ಯಾಕ್ ಅಧ್ಯಾಯ

ಜಿಟರ್‌ಗೆ ‘ಅದಿರು’. ಹಳಗನ್ನಡದ ಅದಿರ್. ತಮಿಳಿನಲ್ಲಿ ಅತಿರ್, ತೆಲುಗಿನಲ್ಲಿ ಅದರು. ಮನೆಯಲ್ಲೇ ಪದ ಇರುವಾಗ ‘ಸಮಯ’ ಯಾಕೆ, ‘ದೋಷ’ ಯಾಕೆ? ಎರಡೂ ಸಂಸ್ಕೃತ. ಸ್ಕ್ಯೂಗೆ ‘ಓರೆ’. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಮರು: ಮರು: ಡ್ಯಾಕ್ ಅಧ್ಯಾಯ

> ಸ್ಕ್ಯೂಗೆ ‘ಓರೆ’.

ನಡೆಯುವುದಿಲ್ಲ. ಗೆರೆ ವಾಲಿದರೆ ಓರೆ. ಇಲ್ಲಿ ಏನೂ ವಾಲಿಲ್ಲ. ಒಟ್ಟಿಗೆ ಬದಲಾಗಬೇಕಾದ ಸ್ವಿಚ್ಚುಗಳಲ್ಲಿ ಒಂದು ಮೊದಲು ಬದಲಾಗುತ್ತದೆ, ಒಂದು ಆಮೇಲೆ. ಅಷ್ಟೇ.

4 ಬಿಟ್‌ನ ಡ್ಯಾಕ್ ತಗೊಳ್ಳಿ, ಬಿಟ್‌ಗೊಂದು ಸ್ವಿಚ್ಚು. 7ರಿಂದ 8ಕ್ಕೆ ಹೋಗಬೇಕು. ಅಂದರೆ 0111 ಹೋಗಿ 1000 ಬರಬೇಕು, ನಾಲ್ಕೂ ಸ್ವಿಚ್ಚು ಒಂದೇ ಕ್ಷಣದಲ್ಲಿ ಬದಲಾಗಬೇಕು. ದೊಡ್ಡ ಬಿಟ್ ಸ್ವಲ್ಪ ಮುಂಚೆ ಬಂತು ಅನ್ನಿ, ನಡುವೆ 1111 ಆಗುತ್ತದೆ, ಅಂದರೆ 15. ತಡವಾಯಿತು ಅನ್ನಿ, 0000. ಏರಬೇಕಾದದ್ದು ಒಂದೇ ಮೆಟ್ಟಿಲು. ಆಸಿಲೋಸ್ಕೋಪ್ ಪರದೆಯ ಮೇಲೆ ಮಾತ್ರ ಚೂಪಾದ ಮುಳ್ಳು ಕಾಣುತ್ತದೆ. ಆ ಮುಳ್ಳು ಗ್ಲಿಚ್. ಅದನ್ನು ಹುಟ್ಟಿಸಿದ್ದು ಸ್ಕ್ಯೂ. ಎರಡಕ್ಕೂ ‘ಸಮಯ ದೋಷ’ ಅಂದರೆ ಓದುವವರು ಯಾವುದನ್ನು ಸರಿಮಾಡಬೇಕು?

ಜಿಟರ್ ಬೇರೆಯೇ. ಅಲ್ಲಿ ಸ್ವಿಚ್ಚುಗಳು ಒಟ್ಟಿಗೇ ಬದಲಾಗುತ್ತವೆ. ಆದರೆ ಅವಕ್ಕೆ ತಾಳ ಹಾಕುವ ಕ್ಲಾಕ್ ಸಿಗ್ನಲ್‌ನ ಅಂಚೇ ಒಂದು ಸಲ ತುಸು ಬೇಗ, ಇನ್ನೊಂದು ಸಲ ತುಸು ತಡ. ಅದಕ್ಕೊಂದು ಲೆಕ್ಕವಿಲ್ಲ. ಈ ಅಲುಗಾಟ ಬರೀ 1 ಪಿಕೋಸೆಕೆಂಡ್ ಇದ್ದರೂ 100 ಮೆಗಾಹರ್ಟ್ಸ್ ಸೈನ್ ಅಲೆಯಲ್ಲಿ ಸಿಗ್ನಲ್-ನಾಯ್ಸ್ ಅನುಪಾತ ಸುಮಾರು 64 ಡೆಸಿಬೆಲ್ ದಾಟುವುದಿಲ್ಲ. 1 ಗಿಗಾಹರ್ಟ್ಸ್‌ಗೆ ಹೋದರೆ 44ಕ್ಕೆ ಇಳಿಯುತ್ತದೆ. ಆಮೇಲೆ ಬಿಟ್ ಎಷ್ಟು ಜಾಸ್ತಿ ಮಾಡಿದರೂ ಸುಮ್ನೆ.

ಮದ್ದೂ ಬೇರೆ ಬೇರೆ. ಸ್ಕ್ಯೂ ಕಡಿಮೆ ಮಾಡಲು ಪ್ರತಿ ಸ್ವಿಚ್ಚಿನ ಮುಂದೆಯೇ ಲ್ಯಾಚ್ (ಕ್ಲಾಕ್ ಬರುವವರೆಗೆ ಬಿಟ್ಟನ್ನು ಹಿಡಿದಿಡುವ ಸರ್ಕ್ಯೂಟ್) ಇಟ್ಟು, ಎಲ್ಲಕ್ಕೂ ಒಂದೇ ಕ್ಲಾಕ್ ಕೊಡುತ್ತಾರೆ. ಕ್ಲಾಕ್ ತಂತಿಗಳನ್ನು ಸಮ ಉದ್ದಕ್ಕೆ ಕವಲೊಡೆಸುತ್ತಾರೆ. ಮೇಲಿನ ಬಿಟ್‌ಗಳಿಗೆ ಥರ್ಮಾಮೀಟರ್ ಕೋಡ್ ಬಳಸುತ್ತಾರೆ. ಅದರಲ್ಲಿ ಒಂದು ಮೆಟ್ಟಿಲು ಏರಲು ಒಂದೇ ಸ್ವಿಚ್ಚು ಬದಲಾದರೆ ಸಾಕು. ಜಿಟರ್‌ಗೆ ಇದ್ಯಾವುದೂ ನಾಟುವುದಿಲ್ಲ. ಅದಕ್ಕೆ ಶುದ್ಧವಾದ ಕ್ಲಾಕ್ ಮೂಲ ಬೇಕು, ಕ್ಲಾಕನ್ನು ಮುಂದಕ್ಕೆ ಸಾಗಿಸುವ ಬಫರ್‌ಗಳಿಗೆ ಗದ್ದಲವಿಲ್ಲದ ಬೇರೆ ಸಪ್ಲೈ ಬೇಕು.

ಇನ್ನೂ ಒಂದು ವಿಷಯ ಇದೆ, ನನಗೆ ಇದೇ ಮುಖ್ಯ. ಮುಳ್ಳು ಏಳುವ ಹೊತ್ತಿನಲ್ಲಿ ಔಟ್‌ಪುಟ್ಟನ್ನು ಸೊನ್ನೆಗೆ ಇಳಿಸಿ, ಎಲ್ಲ ಸರಿಯಾದ ಮೇಲೆ ಬಿಡುವ ಉಪಾಯ ಇದೆ. ಗ್ಲಿಚ್ ಮರೆಯಾಗುತ್ತದೆ. ಆದರೆ ಪ್ರತಿ ಸಲ ಸೊನ್ನೆಯಿಂದ ಎದ್ದು ಮತ್ತೆ ಸೊನ್ನೆಗೆ ಇಳಿಯಬೇಕು. ಅಂಚುಗಳು ಹೆಚ್ಚುತ್ತವೆ, ಜಿಟರ್‌ನ ಕಾಟವೂ ಹೆಚ್ಚುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ಕೇಡು. ಇವೆರಡಕ್ಕೆ ಒಂದೇ ಹೆಸರಿಟ್ಟರೆ ಈ ವಾಕ್ಯವನ್ನು ಕನ್ನಡದಲ್ಲಿ ಬರೆಯಲಿಕ್ಕೇ ಆಗುವುದಿಲ್ಲ.

ನನ್ನ ಸಲಹೆ: ಜಿಟರ್‌ಗೆ ‘ಅದುರಾಟ’, ಸ್ಕ್ಯೂಗೆ ‘ಹಿಂದುಮುಂದು’, ಗ್ಲಿಚ್‌ಗೆ ‘ಮುಳ್ಳು’. ‘ಅದಿರು’ ಬೇಡ, ಓದುವವರಿಗೆ ಬಳ್ಳಾರಿಯ ಕಬ್ಬಿಣ ನೆನಪಾಗುತ್ತದೆ. ಕ್ಲಾಕ್, ಲ್ಯಾಚ್, ಸ್ವಿಚ್ಚು ಹಾಗೇ ಇರಲಿ.

ಮರು: ಮರು: ಮರು: ಡ್ಯಾಕ್ ಅಧ್ಯಾಯ

> ಬಳ್ಳಾರಿಯ ಕಬ್ಬಿಣ ನೆನಪಾಗುತ್ತದೆ

‘ಹತ್ತು’ ಅಂದರೆ 10 ಕೂಡ, ಏರು ಕೂಡ. ಈವರೆಗೆ ಯಾರೂ ಗೊಂದಲಕ್ಕೆ ಬಿದ್ದಿಲ್ಲ. ಇದು ನೆಪ. ಮತ್ತೆ ನಿಮ್ಮ ‘ಹಿಂದುಮುಂದು’: ಬಸ್ಸು ಐದು ನಿಮಿಷ ಹಿಂದುಮುಂದಾಗುತ್ತದೆ ಅನ್ನುತ್ತೇವೆ. ಅದು ನಿಮ್ಮ ಜಿಟರ್ ಅಲ್ವಾ? ಇನ್ನು ಕ್ಲಾಕ್, ಲ್ಯಾಚ್, ಸ್ವಿಚ್ಚು, ಬಫರ್, ಸಪ್ಲೈ. ಹೀಗೇ ಬಿಟ್ಟುಕೊಡುತ್ತಾ ಹೋದರೆ ವಾಕ್ಯದಲ್ಲಿ ಕನ್ನಡ ಅಂತ ಉಳಿಯುವುದು ಕ್ರಿಯಾಪದ ಒಂದೇ.

ಮರು: ಮರು: ಮರು: ಮರು: ಡ್ಯಾಕ್ ಅಧ್ಯಾಯ

ಒಂದೇ ಬಸ್ಸಿನ ಮಾತಾದರೆ ಹೌದು, ಜಿಟರ್. ಒಟ್ಟಿಗೆ ಬರಬೇಕಾದ ಎರಡು ಬಸ್ಸಿನಲ್ಲಿ ಒಂದು ದಿನಾ ಹಿಂದೆ ಬಿದ್ದರೆ ಸ್ಕ್ಯೂ. ಅದಕ್ಕೇ ‘ಸ್ವಿಚ್ಚುಗಳ ನಡುವಿನ ಹಿಂದುಮುಂದು’ ಅಂತ ಪೂರ್ತಿ ಬರೆಯಬೇಕು.

ಎರವಲಿನ ಬಗ್ಗೆ ನನ್ನ ನಿಲುವು ಇಷ್ಟೇ. ಕುರ್ಚಿ ಅರಬ್ಬಿಯಿಂದ ಬಂತು, ಚಾವಿ ಪೋರ್ಚುಗೀಸಿನಿಂದ. ವಸ್ತು ಬಂದಾಗ ಹೆಸರೂ ಬಂತು. ಲ್ಯಾಚ್ ಕೂಡ ಒಂದು ವಸ್ತು. ಅದುರುವುದು, ಹಿಂದೆ ಬೀಳುವುದು ವಸ್ತುಗಳಲ್ಲ. ಅವು ನಮ್ಮಲ್ಲಿ ಮೊದಲಿಂದ ಇವೆ. ಅಲ್ಲಿ ಎರವಲು ತರುವುದನ್ನು ನಾನೂ ಒಪ್ಪುವುದಿಲ್ಲ.

ಮರು: ಡ್ಯಾಕ್ ಅಧ್ಯಾಯ

ಇಬ್ಬರಿಗೂ ಧನ್ಯವಾದ. ಹೀಗೆ ಹಾಕುತ್ತಿದ್ದೇನೆ: “ಸ್ವಿಚ್ಚುಗಳ ನಡುವಿನ ಹಿಂದುಮುಂದನ್ನು ಲ್ಯಾಚ್ ತಗ್ಗಿಸುತ್ತದೆ, ಕ್ಲಾಕ್‌ನ ಅದುರಾಟವನ್ನು ತಗ್ಗಿಸುವುದಿಲ್ಲ.” ಮೊದಲ ಸಲ ಬರುವಲ್ಲಿ ಪಕ್ಕದಲ್ಲೇ ಸ್ಕ್ಯೂ, ಜಿಟರ್ ಅಂತಲೂ ಕೊಡುತ್ತೇನೆ, ಪರೀಕ್ಷೆಯಲ್ಲಿ ಅವೇ ಬರುತ್ತವೆ. ಸೆಟ್ಲಿಂಗ್ ಟೈಮ್ (ಔಟ್‌ಪುಟ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಹಿಡಿಯುವ ಸಮಯ) ಒಂದು ಉಳಿದಿದೆ. ‘ನೆಲೆ ನಿಲ್ಲುವ ಹೊತ್ತು’ ಅಂದುಕೊಂಡಿದ್ದೇನೆ. ತಕರಾರಿದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.